ಸ್ಲ್ಯಾಬಿನ ಮೇಲಿನ ಚರಗ

ಹೋದ ತಿಂಗಳು ಹಾರಿಕಾ ಫೋನ್ ಮಾಡಿದ್ದಳು. ಹೈದರಾಬಾದಿನ ಮಾದಾಪುರದ ಆ ದೊಡ್ಡ ಐಟಿ ಕ್ಯಾಂಪಸ್ಸಿನಲ್ಲಿ ನಾನು ನಿವೃತ್ತಳಾದ ಮೇಲೆ ನನ್ನ ಕುರ್ಚಿಗೆ ಬಂದವಳು. ಚುರುಕು ಹುಡುಗಿ, ಮನಸ್ಸೂ ಒಳ್ಳೆಯದು. “ಗಿರಿಜಾ ಮೇಡಂ, ಹೊಸದಾಗಿ ಕೆಲವು ವೆಲ್‌ಫೇರ್ ಆಫೀಸರ್‌ಗಳು ಸೇರಿದ್ದಾರೆ. ಅವರಿಗೆ ಉಪಯೋಗ ಆಗೋ ಹಾಗೆ ನಿಮ್ಮ ಅನುಭವ ಬರೆದುಕೊಡಿ. ಮುಖ್ಯವಾಗಿ ನಮ್ಮಲ್ಲಿ ಎಳ್ಳಮಾಸಿ ಹಬ್ಬ ನೀವು ಹೇಗೆ ಶುರು ಮಾಡಿದಿರಿ ಅನ್ನೋದು ಬೇಕು” ಎಂದು ತೆಲುಗಿನಲ್ಲಿ ಕೇಳಿದಳು.

ಆ ಮಾತಿಗೆ ನನ್ನ ಕಿವಿ ಬಿಸಿಯಾಯಿತು. ಆ ಕ್ಯಾಂಪಸ್ಸಿನ ಮುಖ್ಯ ಕಟ್ಟಡದಲ್ಲಿ, ಲಿಫ್ಟಿನ ಪಕ್ಕದ ಗೋಡೆಗೆ ಒಂದು ಹಿತ್ತಾಳೆ ಫಲಕ ಹೊಡೆದಿದ್ದಾರೆ. ಮೇಲೆ ಹಬ್ಬದ ಹೆಸರು, ಕೆಳಗೆ ಅದನ್ನು ಆರಂಭಿಸಿದವರೆಂದು ನನ್ನ ಹೆಸರು. ಲಿಫ್ಟಿಗೆ ಕಾಯುವವರೆಲ್ಲ ಅದನ್ನು ಓದುತ್ತಾರೆ. ಕೊನೆಯ ವರ್ಷಗಳಲ್ಲಿ ಮೊಣಕಾಲು ಹಿಡಿದುಕೊಂಡಿದ್ದರೂ ನಾನು ಮೆಟ್ಟಿಲು ಹತ್ತಿಯೇ ನನ್ನ ರೂಮಿಗೆ ಹೋಗುತ್ತಿದ್ದೆ. ವ್ಯಾಯಾಮಕ್ಕೆ ಅಂತ ಎಲ್ಲರೂ ತಿಳಿದುಕೊಂಡಿದ್ದರು.

ತೆಲುಗಿನಲ್ಲಿ ಬರೆಯಲು ಕೂತೆ, ಕೈ ಓಡಲಿಲ್ಲ. ಈ ವಿಷಯ ನಡೆದದ್ದು ಕನ್ನಡದಲ್ಲಿ. ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರ, ಆಮೇಲೆ ಅವ್ವ ತರಿಸುತ್ತಿದ್ದ ವಾರಪತ್ರಿಕೆಗಳಿಂದ ಉಳಿದುಕೊಂಡದ್ದು, ಇಷ್ಟೇ ನನ್ನ ಬಂಡವಾಳ. ಬೇಕಾದರೆ ಹಾರಿಕಾ ಯಾರಿಂದಲಾದರೂ ತೆಲುಗು ಮಾಡಿಸಿಕೊಳ್ಳಲಿ. ಓದಿದ ಮೇಲೆ ಫಲಕ ತೆಗೆಸುತ್ತಾಳೋ ಬಿಡುತ್ತಾಳೋ ಅವಳಿಗೆ ಬಿಟ್ಟದ್ದು.

ಮೊದಲು ಕೆಲಸದ ಮಾತು. ವೆಲ್‌ಫೇರ್ ಆಫೀಸರ್ ಎಂದರೆ ಏನೋ ದೊಡ್ಡ ಹುದ್ದೆ ಎಂದುಕೊಂಡು ಬರುವವರಿಗೆ ಹೇಳುತ್ತೇನೆ: ಇದು ನಲ್ಲಿ, ಪಾಯಿಖಾನೆ, ಕೂಸುಗಳ ಮೂಗಿನ ಸಿಂಬಳ, ಗಂಡ ಹೆಂಡಿರ ಜಗಳ, ಕಾಲಿಗೆ ಚುಚ್ಚಿದ ಮೊಳೆ, ಇವುಗಳ ಕೆಲಸ. ಹೊಸ ಸೈಟಿಗೆ ಹೋದರೆ ಆಫೀಸ್ ಶೆಡ್ಡಿಗೆ ಹೋಗಬೇಡಿ. ನೇರವಾಗಿ ಹೆಂಗಸರು ನೀರು ಹಿಡಿಯುವ ನಲ್ಲಿಯ ಹತ್ತಿರ ಹೋಗಿ ನಿಂತುಕೊಳ್ಳಿ. ಸೈಟಿನ ಆರೋಗ್ಯ, ಅನಾರೋಗ್ಯ ಎಲ್ಲ ಅಲ್ಲೇ ಗೊತ್ತಾಗುತ್ತದೆ. ಈಗ ಹಾಜರಿಗೆ ಮುಖ ನೋಡುವ ಯಂತ್ರ ಬಂದಿದೆ, ಮುಖ ತೋರಿಸಿದರೆ ಗೇಟು ತೆರೆಯುತ್ತದೆ. ನಮ್ಮ ಕಾಲಕ್ಕೆ ಮೇಸ್ತ್ರಿ ಬೆಳಗ್ಗೆ ಎತ್ತರದ ಜಲ್ಲಿ ಗುಡ್ಡೆಯ ಮೇಲೆ ನಿಂತು ಹೆಸರು ಕೂಗುತ್ತಿದ್ದ. ಯಂತ್ರ ತಪ್ಪುವುದಿಲ್ಲ, ನಿಜ. ಆದರೆ ಮುಖ ಬಾಡಿದವರನ್ನು ನೋಡಿ “ಯಾಕವಾ, ಮೈಯಾಗ ನೆಟ್ಟಗಿಲ್ಲೇನು?” ಎಂದು ಅದು ಕೇಳುವುದಿಲ್ಲ.

ನನಗೆ ಈ ಕೆಲಸ ಸಿಕ್ಕಿದ್ದು ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಆಗ ಮಾದಾಪುರ ಇನ್ನೂ ಬಂಡೆಗಳ ನಾಡು. ಒಂದು ಕಡೆ ಬಂಡೆ ಸಿಡಿಸುವುದು, ಇನ್ನೊಂದು ಕಡೆ ಗಾಜಿನ ಕಟ್ಟಡ ಏಳುವುದು. ಕಟ್ಟುವ ಜನರಲ್ಲಿ ಅರ್ಧಕ್ಕರ್ಧ ಯಾದಗಿರಿ, ಶಹಾಪುರ, ಸೇಡಂ ಕಡೆಯವರು. ಗಂಡ, ಹೆಂಡತಿ, ಮಕ್ಕಳು, ಒಂದೆರಡು ಕೋಳಿ ಸಮೇತ ಬಂದು ತಗಡಿನ ಶೆಡ್ಡುಗಳಲ್ಲಿ ಇರುತ್ತಿದ್ದರು. ಪ್ರಾಜೆಕ್ಟ್ ಮ್ಯಾನೇಜರ್ ಪ್ರಸಾದ್ ಗಾರು ನನ್ನನ್ನು ಸಂದರ್ಶನ ಮಾಡಿದ್ದು ಜೀಪಿನಲ್ಲಿ ಕೂತು ಮೊಸರನ್ನ ತಿನ್ನುತ್ತಾ. “ಆ ಗ್ಯಾಂಗಿನ ಮಾತು ನಿನಗೆ ತಿಳಿಯುತ್ತದಾ?” ಎಂದರು. ತಿಳಿಯುತ್ತದೆ ಎಂದೆ. “ಹಾಗಾದರೆ ತಿಳಿಯುತ್ತದೆ ಅಂತ ಅವರಿಗೆ ತೋರಿಸಬೇಡ. ಹಿಂದಿಯಲ್ಲೇ ಮಾತಾಡು. ಚೆವುಲು ಉಂಟೇ ಚಾಲು, ನೋರು ಅಕ್ಕರ್ಲೇದು.” ಕಿವಿ ಇದ್ದರೆ ಸಾಕು, ಬಾಯಿ ಬೇಕಾಗಿಲ್ಲ ಅಂತ.

ಮ್ಯಾನೇಜರ್ ಮೇಲೆ ಎಲ್ಲ ಹಾಕಿ ನಾನು ಕೈ ತೊಳೆದುಕೊಳ್ಳುವುದಿಲ್ಲ. ಆ ಮಾತು ನನಗೆ ಅನುಕೂಲವಾಗಿಯೇ ಕಂಡಿತು. ನಾನು ಇದೇ ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ಹುಟ್ಟಿದವಳು. ಚಿತ್ತಾಪುರದ ಕಡೆಯಿಂದ ರೈಲ್ವೆ ಕೆಲಸಕ್ಕೆ ಬಂದವರು ನಮ್ಮ ತಾತ. ಅಪ್ಪನೂ ರೈಲ್ವೆಯವರೇ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಯಾರಾದರೂ “ನಿಮ್ಮದು ಯಾವ ಊರು?” ಎಂದು ಕೇಳಿದರೆ “ನಾವು ಇಲ್ಲಿಯವರೇ” ಎಂದು ಥಟ್ಟನೆ ಹೇಳುತ್ತಿದ್ದೆ. ಎಳ್ಳಮಾಸಿ ಬಂದರೆ ಮಾತ್ರ ನನ್ನ ಬಣ್ಣ ಬಯಲಾಗುತ್ತಿತ್ತು.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ಎಳ್ಳಮಾವಾಸ್ಯೆ ಎಂದರೆ ಹೊಲದ ಹಬ್ಬ. ಬೆಳೆ ತುಂಬಿ ನಿಂತ ಭೂಮಿ ಬಸುರಿ, ಅವಳ ಬಯಕೆ ತೀರಿಸಬೇಕು. ಕಾಳು, ಸೊಪ್ಪು ಎಲ್ಲ ಕೂಡಿಸಿ ಮಾಡಿದ ಭಜ್ಜಿ, ಸಜ್ಜೆಯ ರೊಟ್ಟಿ, ಕಡಬು, ಅಂಬಲಿ ಹೊತ್ತು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಅಡಿಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಹೊಲದ ಸುತ್ತ ಚೆಲ್ಲುತ್ತಾರೆ. ಅದೇ ಚರಗ. ಚೆಲ್ಲುವವರು “ಹುಲ್ಲುಲ್ಲಿಗೋ” ಎಂದು ಕೂಗಬೇಕು, ಹಿಂದೆ ಬರುವವರು ಹಾಗೆಯೇ ಮರುದನಿ ಕೊಡಬೇಕು. ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಹೊಲ ಎಲ್ಲಿಂದ ಬರಬೇಕು? ಅವ್ವ ಹಿತ್ತಲಿನ ಕರಿಬೇವಿನ ಗಿಡದ ಸುತ್ತ ಚರಗ ಚೆಲ್ಲಿ ಗಂಟಲು ಬಿಟ್ಟು ಕೂಗುತ್ತಿದ್ದಳು. ಮರುದನಿ ಕೊಡಬೇಕಾದವಳು ನಾನು. “ಮೀ ಅಮ್ಮ ಎಂದುಕು ಅರುಸ್ತುಂದಿ?” ಎಂದು ಪಕ್ಕದ ಮನೆಯ ಹುಡುಗಿಯರು ಕೇಳಿದಾಗಿನಿಂದ, ಅಮ್ಮ ಯಾಕೆ ಅರಚುತ್ತಾಳೆ ಎಂಬ ಆ ಪ್ರಶ್ನೆಗೆ ಹೆದರಿ, ನಾನು ಆ ಹೊತ್ತಿಗೆ ಒಳಗೆ ಹೋಗಿ ಕಿಟಕಿ ಹಾಕಿಕೊಳ್ಳುತ್ತಿದ್ದೆ. ಅವ್ವ ತಾನೇ ಕೂಗಿ, ತಾನೇ ಮರುದನಿ ಕೊಟ್ಟುಕೊಂಡು ಒಳಗೆ ಬರುತ್ತಿದ್ದಳು. ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇಂಥವಳಿಗೆ ಬಾಯಿ ಮುಚ್ಚಿಕೊಂಡು ಕಿವಿ ತೆರೆದುಕೊಂಡಿರುವ ಕೆಲಸ ಸಿಕ್ಕಿತು. ಹಿಂದಿಯಲ್ಲಿ ಹೆಲ್ಮೆಟ್ ಬಗ್ಗೆ ಭಾಷಣ ಮಾಡುತ್ತಿದ್ದೆ, ನಲ್ಲಿಯ ಪಕ್ಕದ ಬಾಲವಾಡಿ ಶೆಡ್ಡಿನಲ್ಲಿ ಕೂತು ಕನ್ನಡ ಕೇಳಿಸಿಕೊಳ್ಳುತ್ತಿದ್ದೆ. ಹಿಂದಿಯವಳೆಂದು ತಿಳಿದು ಅವರು ನನ್ನನ್ನು “ಬಾಯಿ” ಎಂದು ಕರೆಯುತ್ತಿದ್ದರು, ಮೇಡಂ ಎನ್ನುವ ಹಾಗೆ. ಮೊದಲ ವಾರವೇ ನನ್ನ ಬಗ್ಗೆ ಕೇಳಿಸಿಕೊಂಡದ್ದು: “ಈ ಬಾಯಿ ಮಾರಿ ನೋಡವಾ, ಹುಳಿ ಮಜ್ಜಿಗಿ ಕುಡದಂಗ ಇರ್ತೈತಿ.” ಹೇಳಿದವಳು ಶರಣಮ್ಮ. ಮೇಸ್ತ್ರಿ ಹಣಮಂತನ ಹೆಂಡತಿ, ಶಹಾಪುರದ ಹತ್ತಿರದ ಹಳ್ಳಿಯವಳು, ಎತ್ತರದ ಹೆಂಗಸು. ಬಾಯಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು. ಯಾರ ಕೂಸು ಅತ್ತರೂ ಎತ್ತಿಕೊಳ್ಳುವವಳು ಅವಳೇ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಹುಳಿ ಮಜ್ಜಿಗೆ ಮುಖ ಇಟ್ಟುಕೊಂಡೇ ಕೂತಿದ್ದೆ.

ಕದ್ದು ಕೇಳಿದ್ದರಿಂದ ಒಳ್ಳೆಯದೂ ಆಯಿತು, ಇಲ್ಲ ಅನ್ನುವುದಿಲ್ಲ. ಟ್ಯಾಂಕಿನ ನೀರಿನಲ್ಲಿ ಹುಳ ಬಂದದ್ದು, ಒಬ್ಬ ಫೋರ್‌ಮನ್ ಹರೆಯದ ಹುಡುಗಿಯ ಹಿಂದೆ ಬಿದ್ದದ್ದು ಎಲ್ಲ ನನಗೆ ಹಾಗೆಯೇ ತಿಳಿಯಿತು. ಟ್ಯಾಂಕ್ ತೊಳೆಸಿದೆ, ಫೋರ್‌ಮನ್ನನ್ನು ಓಡಿಸಿದೆ. “ಹೇಳಲಾರದ ತಿಳ್ಕೊಂತಾಳ ನೋಡು ಈ ಬಾಯಿ, ದೊಡ್ಡಾಕಿ ಅದಾಳ” ಎಂದು ಹೆಂಗಸರು ಮಾತಾಡಿಕೊಂಡರು. ಆಮೇಲೆ ನಾನು ಹೋದರೆ ಕೂರಲು ಚೀಲ ಹಾಸುತ್ತಿದ್ದರು. ಆ ಚೀಲದ ಮೇಲೆ ಯಾವ ಸಂಕೋಚವೂ ಇಲ್ಲದೆ ಕೂರುತ್ತಿದ್ದೆ.

ಎಳ್ಳಮಾಸಿ ಹತ್ತಿರ ಬಂತು. ಒಂದು ಸಂಜೆ ಶರಣಮ್ಮ ಕೊಡ ತುಂಬಿಸುತ್ತಾ ಮಿಕ್ಕವರಿಗೆ ಹೇಳುತ್ತಿದ್ದಳು: “ಏನರ ಆಗಲಿ, ನಾ ಊರಿಗೆ ಹೋಗಾಕಿನ. ನಮ್ಮ ಹೊಲ ಮೈದುನ ಮಾಡಾಕತ್ತಾನ. ವರ್ಷಕ್ಕೊಮ್ಮೆ ಹೋಗಿ ನನ್ನ ಕೈಲೆ ಚರಗ ಚೆಲ್ಲಿ ಬಂದ್ರ ಮಂದಿ ಕಣ್ಣಾಗ ಅದು ನಮ್ಮ ಹೊಲ. ಒಂದ್ ವರ್ಷ ಅವನ ಹೇಂತಿ ಚೆಲ್ಲಿದ್ಲಂದ್ರ ಮುಗೀತು, ನಾವು ಊರು ಬಿಟ್ಟೋರ ಆಗಿಬಿಡ್ತೀವಿ.” ಉಳಿದವರೂ ತಲೆಯಾಡಿಸಿದರು. ಗ್ಯಾಂಗಿಗೆ ಗ್ಯಾಂಗೇ ಹೊರಡುವುದೆಂದು ಮಾತಾಯಿತು. ಹೇಳಿದರೆ ಬಿಡುವುದಿಲ್ಲ, ಅದಕ್ಕೆ ಹೇಳದೆ ಹೋಗುವುದು, ಹಬ್ಬ ಮುಗಿಸಿ ಬರುವುದು.

ನಾನು ಹೋಗಿ ಪ್ರಸಾದ್ ಗಾರಿಗೆ ಹೇಳಿದೆ. ಯಾಕೆ ಹೇಳಿದೆ ಎಂದರೆ, ಅದೇ ನನ್ನ ಕೆಲಸ ಅಂದುಕೊಂಡಿದ್ದೆ. ಇಷ್ಟು ಸಣ್ಣ ಉತ್ತರ ಕೊಡಲು ನನಗೇ ನಾಚಿಕೆ, ಆದರೆ ಇದಕ್ಕಿಂತ ದೊಡ್ಡ ಉತ್ತರ ಹುಡುಕಿದರೆ ಸುಳ್ಳಾಗುತ್ತದೆ. ಹೊಲದ ಮಾತನ್ನು ಮಾತ್ರ ಅವರಿಗೆ ಹೇಳಲಿಲ್ಲ. ಹಬ್ಬಕ್ಕೆ ಹೊರಟಿದ್ದಾರೆ ಎಂದಷ್ಟೇ ಹೇಳಿದೆ. ಹೊಲದ ವಿಷಯ ಹೇಳಿದ್ದರೆ ಅವರ ಮನಸ್ಸು ಕರಗುತ್ತಿತ್ತೋ ಏನೋ. ಅವರೂ ಗೋದಾವರಿ ಕಡೆಯಿಂದ ಬಂದವರು, ಅವರ ತೆಲುಗನ್ನು ಇಲ್ಲಿಯವರು ಅಣಕಿಸುತ್ತಿದ್ದರು, ಅಲ್ಲಿ ಅವರಿಗೂ ತೆಂಗಿನ ತೋಟವಿತ್ತು. ಮರುದಿನ ಅವರು ಹಣಮಂತನನ್ನು ಕರೆಸಿದರು. “ಹೋಗುವವರು ಹೋಗಿ. ಆದರೆ ವಾಪಸ್ ಬರಬೇಡಿ. ಬಿಹಾರದ ಗ್ಯಾಂಗ್ ರೆಡಿ ಇದೆ” ಎಂದರು. ಹಣಮಂತ ಟವೆಲ್ಲು ಕೈಯಲ್ಲಿ ಹಿಡಿದು ನಿಂತಿದ್ದ. ಯಾರು ಹೇಳಿರಬಹುದು ಎಂದು ಅವನು ಒಬ್ಬೊಬ್ಬರ ಮುಖ ನೋಡಿದ. ಹಿಂದಿ ಬಾಯಿಯ ಮುಖ ಮಾತ್ರ ನೋಡಲಿಲ್ಲ. ಯಾರೂ ಊರಿಗೆ ಹೋಗಲಿಲ್ಲ.

ಅಮಾವಾಸ್ಯೆಯ ಬೆಳಗ್ಗೆ ಯಾರೋ ಮುಖ್ಯ ಜನ ಸೈಟ್ ನೋಡಲು ಬರುವವರಿದ್ದರು. ನಾನು ಬೇಗ ಬಂದೆ. ಗಡಿಬಿಡಿಯಲ್ಲಿ ಮನೆಯ ಚಪ್ಪಲಿಯಲ್ಲೇ ಬಂದುಬಿಟ್ಟಿದ್ದೆ. ಹಿಂದಿನ ವಾರವಷ್ಟೇ ಬೂಟಿನ ಮಹತ್ವದ ಬಗ್ಗೆ ಭಾಷಣ ಹೊಡೆದವಳು! ಮೇಲಿನಿಂದ ಕೂಗು ಕೇಳಿಸಿತು. “ಹುಲ್ಲುಲ್ಲಿಗೋ...” ಹಿಂದೆಯೇ ಹತ್ತಾರು ದನಿಗಳ ಮರುದನಿ. ಮಲ್ಕಾಜ್‌ಗಿರಿಯ ಕಿಟಕಿ ನೆನಪಾಯಿತು. ಎದ್ದೆನೋ ಬಿದ್ದೆನೋ ಎಂದು ಸೆಂಟ್ರಿಂಗ್ ಏಣಿ ಹತ್ತಿ ಓಡಿದೆ.

ಹೊಸದಾಗಿ ಹಾಕಿದ ಸ್ಲ್ಯಾಬು. ಕಾಂಕ್ರೀಟು ಗಟ್ಟಿಯಾಗಲೆಂದು ಅದರ ಮೇಲೆ ಮಣ್ಣಿನ ಒಡ್ಡು ಕಟ್ಟಿ, ಸಣ್ಣ ಸಣ್ಣ ಮಡಿ ಮಾಡಿ ನೀರು ನಿಲ್ಲಿಸುತ್ತಾರೆ. ಆ ಮಡಿಗಳನ್ನು ಕಟ್ಟುವವರು, ನೀರು ಆರದಂತೆ ಕಾಯುವವರು ಹೆಂಗಸರೇ. ಆ ಮಡಿಗಳ ನಡುವೆ, ಒಡ್ಡಿನ ಮೇಲೆ ಐದು ಜಲ್ಲಿಕಲ್ಲು ಇಟ್ಟು ಸುಣ್ಣ ಬಳಿದು ಅರಿಶಿನ ಕುಂಕುಮ ಹಚ್ಚಿದ್ದರು. ಶರಣಮ್ಮ ಹಸಿರು ಸೀರೆ ಉಟ್ಟಿದ್ದಳು. ಕಾಂಕ್ರೀಟು ಹೊರುವ ಬಾಂಡ್ಲಿಯನ್ನೇ ತಿಕ್ಕಿ ತೊಳೆದು, ಅದರಲ್ಲಿ ಚರಗ ಕಲಸಿ ಬಗಲಲ್ಲಿಟ್ಟುಕೊಂಡು, ನೀರು ನಿಂತ ಮಡಿಗಳಿಗೆ ಚೆಲ್ಲುತ್ತಾ ನಡೆಯುತ್ತಿದ್ದಳು. ಹಿಂದೆ ಗಂಡಸರು, ಹೆಂಗಸರು, ಕೂಸುಗಳು. ತಳಕ್ಕೆ ಕಾಂಕ್ರೀಟು, ಮೇಲೆ ನೀರು, ನೀರಿನಲ್ಲಿ ಭಜ್ಜಿಯ ಕಾಳುಗಳು. ಬಿತ್ತನೆ ಮಾಡಿದ ಹಾಗೆಯೇ ಕಾಣುತ್ತಿತ್ತು.

“ರುಕೋ, ರುಕೋ!” ಎನ್ನುತ್ತಾ ಓಡಿದೆ. ಕಾಂಕ್ರೀಟಿಗೆ ಆಸರೆ ಕೊಟ್ಟು ಕಿತ್ತ ಸೆಂಟ್ರಿಂಗ್ ಹಲಗೆಯ ಮೇಲೆ ಕಾಲಿಟ್ಟದ್ದೇ ತಡ, ಮೊಳೆ ಚಪ್ಪಲಿ ತೂರಿ ಅಂಗಾಲಿಗೆ ನಾಟಿತು.

“ಯವ್ವಾ! ಸತ್ತೆನ್ರೆವಾ!”

ನೋವಿನಲ್ಲಿ ಬಾಯಿಗೆ ಬಂದದ್ದು ಮನೆಯ ಮಾತು. ಚರಗದ ಸಾಲು ನಿಂತುಬಿಟ್ಟಿತು. ಆಮೇಲೆ ಒಬ್ಬಳು ಮುದುಕಿ ಕಿಸಕ್ಕನೆ ನಕ್ಕಳು: “ಅಯ್ಯ ಶಿವನ! ಈ ಬಾಯಿ ನಮ್ಮಾಕೀನ ಅದಾಳಲ್ಲ!”

ಎಲ್ಲರೂ ನಕ್ಕರು. ಶರಣಮ್ಮ ಬಾಂಡ್ಲಿ ಇಳಿಸಿ ಓಡಿ ಬಂದಳು, ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಮೊಳೆ ಕಿತ್ತಳು. ಐದು ಕಲ್ಲಿನ ಮುಂದಿದ್ದ ಅರಿಶಿನವನ್ನು ತಂದು ಗಾಯಕ್ಕೆ ಒತ್ತಿ, ಸೆರಗಿನ ಅಂಚು ಹರಿದು ಕಟ್ಟಿದಳು. “ಏನೂ ಆಗೂದಿಲ್ರಿ ಅಕ್ಕಾರ, ಒಂದೀಟು ತಡಕೋರಿ” ಎನ್ನುತ್ತಿದ್ದಳು. ಬಾಯಿ ಹೋಗಿ ಅಕ್ಕಾರು ಆಗಿದ್ದೆ. ಹಾಗೆ ಕಟ್ಟುತ್ತಾ ಇದ್ದವಳ ಕೈ ನಿಂತಿತು. ಅವಳ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ಗೊತ್ತಾಯಿತು. ನನ್ನ ಮುಖ ನೋಡಲಿಲ್ಲ. ಗಂಡನ ಕಡೆ ತಿರುಗಿ, ಮೆಲ್ಲಗೆ ಹೇಳಿದಳು: “ಹಂಗಾರ ಅಕ್ಕಾರಿಗೆ ನಮ್ಮ ಮಾತೆಲ್ಲಾ ತಿಳೀತಿತ್ತು.”

ನಗು ನಿಂತಿತು. ಬೈಯುವವರನ್ನು ಎದುರಿಸಬಹುದು, ಏನೂ ಅನ್ನದೆ ನಿಂತವರ ಮುಂದೆ ಮುಖ ಎಲ್ಲಿ ಇಟ್ಟುಕೊಳ್ಳುವುದು? ನಾನೇ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಶರಣಮ್ಮ ಅಷ್ಟರಲ್ಲಿ ಗಂಟು ಬಿಗಿದು, ನಾನು ಕೇಳದಿದ್ದರೂ ಹೇಳಿದಳು: “ಊರಿಗಿ ಹೋಗಾಕ ಆಗಲಿಲ್ಲಲ್ರಿ. ಇಲ್ಲೂ ಒಡ್ಡು ನಾವ ಕಟ್ಟೀವಿ, ನೀರು ನಾವ ಬಿಟ್ಟೀವಿ. ಹೊಲ ಅಂತ ತಿಳಕೊಂಡು ಚೆಲ್ಲಾಕತ್ತಿದ್ವಿ.”

ಆಗ ಕೆಳಗೆ ಪ್ರಸಾದ್ ಗಾರ ಜೀಪಿನ ಹಾರ್ನ್ ಕೇಳಿಸಿತು. ಹಿಂದೆ ಇನ್ನೂ ಎರಡು ಕಾರು. ಸ್ಲ್ಯಾಬಿನ ತುಂಬಾ ಭಜ್ಜಿ, ಅಂಬಲಿ. ಕ್ಷಮೆ ಕೇಳಬೇಕೆಂದು ತೆರೆದಿದ್ದ ನನ್ನ ಬಾಯಿಂದ ಬಂದದ್ದು ಬೇರೆ.

“ಗುಡಸ್ರಿ. ಲಗೂ ಗುಡಸ್ರಿ.”

ಆ ಜನರ ಜೊತೆ ನಾನು ಅವರ ಭಾಷೆಯಲ್ಲಿ, ಅಂದರೆ ನನ್ನದೇ ಭಾಷೆಯಲ್ಲಿ, ಮೊದಲ ಸಲ ಆಡಿದ ಮಾತು ಅದು. ನನ್ನ ಕಾಲಿಗೆ ಅವರ ಪಾಂಡವರ ಅರಿಶಿನ ಹಚ್ಚಿತ್ತು. ಥೂ ನನ್ನ ಜನ್ಮಕ್ಕೆ! ಶರಣಮ್ಮ ಎದ್ದಳು. ಪೊರಕೆ ತಂದಳು. ಮಡಿಯಿಂದ ಮಡಿಗೆ ಬಗ್ಗಿ ಚರಗವನ್ನೆಲ್ಲ ಅದೇ ಬಾಂಡ್ಲಿಗೆ ತುಂಬಿದಳು, ಐದು ಕಲ್ಲನ್ನೂ ಅದರಲ್ಲೇ ಇಟ್ಟುಕೊಂಡು ಇಳಿದು ಹೋದಳು. ಬಂದವರು ಮೇಲೆ ಹತ್ತಿ, ನೀರು ನಿಂತ ಮಡಿಗಳನ್ನು ನೋಡಿ, ಕ್ಯೂರಿಂಗ್ ಚೆನ್ನಾಗಿ ಮಾಡಿಸಿದ್ದೀರಿ ಎಂದು ಪ್ರಸಾದ್ ಗಾರನ್ನು ಹೊಗಳಿದರು.

ಶರಣಮ್ಮ ನನ್ನ ಮೇಲೆ ಹಗೆ ಸಾಧಿಸಲಿಲ್ಲ. ಬೇಸಿಗೆಯಲ್ಲಿ ಊರಿಗೆ ಹೋಗಿ ಬಂದವಳು ತಾನಾಗಿಯೇ ಬಂದು ಬಾಲವಾಡಿಯಲ್ಲಿ ಕೂತಳು. ಆ ಅಮಾವಾಸ್ಯೆಗೆ ಮೈದುನನ ಹೆಂಡತಿಯೇ ಚರಗ ಚೆಲ್ಲಿದ್ದಳಂತೆ. “ನಾ ಹ್ವಾದ ಕೂಡ್ಲೆ ಕಾಲಿಗೆ ನೀರು ಕೊಟ್ರು, ಕಂಬಳಿ ಹಾಸಿದ್ರು, ಮೊದ್ಲ ನನಗ ಊಟಕ್ಕ ನೀಡಿದ್ರು ಅಕ್ಕಾರ. ಬೀಗರಿಗಿ ಮಾಡಿದಂಗ ಮಾಡಿದ್ರು. ನನ್ನ ಮನ್ಯಾಗ ನಾ ಬೀಗತಿ ಆದೆ.” ಅಷ್ಟು ಹೇಳಿ ಮೂಗು ಒರೆಸಿಕೊಂಡು, “ಹೈದರಾಬಾದಿನೋರು ಅಂತಾರ ಈಗ ನಮಗ. ಹೈದರಾಬಾದಿನಾಗ ನೋಡಿದ್ರ ಕರ್ನಾಟಕದೋರು ಅಂತಾರ” ಎಂದು ನಕ್ಕಳು. ಹೊಲ ಕಾಗದದ ಮೇಲೆ ಈಗಲೂ ಅವರದೇ ಇರಬಹುದು. ಅವಳು ಮತ್ತೆ ಆ ಹೊಲದಲ್ಲಿ ಚರಗ ಚೆಲ್ಲಲಿಲ್ಲ.

ಮುಂದಿನ ವರ್ಷ ಅವಳು ನನ್ನ ಹತ್ತಿರ ಬಂದು ಕೇಳಿದ್ದು ಒಂದೇ: “ಸ್ಲ್ಯಾಬ್ ಮ್ಯಾಲ ಬ್ಯಾಡ್ರಿ. ಎಲ್ಲ್ಯರ ಒಂದೀಟು ಮಣ್ಣು ತೋರಸ್ರಿ. ಯಾರೂ ಗುಡಸು ಅನ್ನದಂಥಾ ಜಾಗ.” ಶೆಡ್ಡುಗಳ ಹಿಂದೆ, ಬಂಡೆಗಳ ನಡುವೆ ಒಂದು ಕಿರಿದಾದ ಮಣ್ಣಿನ ತುಂಡು ಇತ್ತು. ಅಲ್ಲಿ ಮಾಡಿಕೊಳ್ಳಿ ಎಂದೆ. ನಾನು ಮಾಡಿದ ಕೆಲಸ ಅಷ್ಟೇ: ಬೆರಳು ತೋರಿಸಿದ್ದು. ಅಡಿಗೆ ಅವಳದ್ದು, ಕಲ್ಲು ಅವಳದ್ದು, ಕೂಗು ಅವಳದ್ದು. ಬಿಹಾರದ ವೆಲ್ಡರುಗಳು, ಒಡಿಶಾದ ಗಾರೆಯವರು, ತೆಲಂಗಾಣದ ಪಾಲಮೂರಿನ ಹೆಂಗಸರು ಏನಿದು ಎಂದು ನೋಡಲು ಬಂದರು. ಬಂದವರನ್ನೆಲ್ಲ ಅವಳು ಕೂರಿಸಿ ಭಜ್ಜಿ, ರೊಟ್ಟಿ ಬಡಿಸಿದಳು. ಅವರಿಗೆ ಮರುದನಿ ಕೊಡಲೂ ಕಲಿಸಿದಳು. ಅದರ ಮುಂದಿನ ವರ್ಷ ಪಾಲಮೂರಿನವರು ತಮ್ಮ ಕಡೆಯ ಸರ್ವಪಿಂಡಿ ರೊಟ್ಟಿ ಮಾಡಿಕೊಂಡು ಬಂದರು, ಬಿಹಾರಿಗಳು ಹಿಟ್ಟಿನುಂಡೆಯ ಲಿಟ್ಟಿ ಸುಟ್ಟು ತಂದರು. ಗೇಟಿನ ಹೊರಗಿನ ಚಹಾದವನು ಉರ್ದು ಮಾತಾಡುವವನು, “ಹಮಾರೆ ದಾದಾ ಭೀ ಬಾಹರ್ ಸೇಚ್ ಆಯೇ ಥೇ ಅಮ್ಮಾ” ಎನ್ನುತ್ತಾ ಎಲ್ಲರಿಗೂ ಚಹಾ ಕೊಟ್ಟ. ಅವನ ತಾತನೂ ಹೊರಗಿನಿಂದಲೇ ಬಂದವನಂತೆ.

ಆ ದಿನ ನನಗೆ ಹೊಳೆದದ್ದನ್ನು ಹೊಸಬರಿಗೆ ಹೇಳಬೇಕು. ಇವರು ಕೈ ಮಾತ್ರ ತರುತ್ತಾರೆ, ಕೆಲಸ ಮುಗಿದರೆ ಕೈ ತೆಗೆದುಕೊಂಡು ಹೋಗುತ್ತಾರೆ ಎಂದು ನಾವು ಆಫೀಸಿನವರು ತಿಳಿದಿರುತ್ತೇವೆ. ಅವರು ತಮ್ಮ ಅಮಾವಾಸ್ಯೆ ತರುತ್ತಾರೆ, ಬಾಯಿರುಚಿ ತರುತ್ತಾರೆ, ದೇವರನ್ನು ಐದು ಜಲ್ಲಿಕಲ್ಲಿನಲ್ಲಿ ಇಟ್ಟುಕೊಂಡು ಬರುತ್ತಾರೆ. ಈ ಹೈದರಾಬಾದು ಹೈದರಾಬಾದು ಆದದ್ದೇ ಹೀಗೆ ಬಂದವರು ಇಳಿಸಿದ ಗಂಟುಗಳಿಂದ. ನನ್ನ ತಾತ ಇಳಿಸಿದ ಗಂಟನ್ನು ಅವ್ವ ಕರಿಬೇವಿನ ಗಿಡದ ಕೆಳಗೆ ಬಿಚ್ಚಿದಳು, ನಾನು ಕಿಟಕಿ ಮುಚ್ಚಿದೆ. “ನಾವು ಇಲ್ಲಿಯವರೇ” ಎನ್ನುವ ನನ್ನ ಆ ಮಾತಿನಲ್ಲಿ ಬಡಿವಾರವೇ ಹೆಚ್ಚಿತ್ತು, ಹುರುಳಿರಲಿಲ್ಲ.

ಕಟ್ಟಡಗಳು ಮುಗಿದವು. ಗ್ಯಾಂಗುಗಳು ಬೇರೆ ಬೇರೆ ಕಡೆ ಹೋದವು. ನನ್ನನ್ನು ಕ್ಯಾಂಪಸ್ಸಿನಲ್ಲೇ ಉಳಿಸಿಕೊಂಡರು. ಒಳಗೆ ದೇಶದ ಎಲ್ಲ ಕಡೆಯ ಇಂಜಿನಿಯರ್ ಹುಡುಗ ಹುಡುಗಿಯರು ತುಂಬಿಕೊಂಡರು. ಒಂದು ವರ್ಷ ದೊಡ್ಡ ಮೀಟಿಂಗಿನಲ್ಲಿ, ನಮ್ಮಲ್ಲಿ ಇಷ್ಟು ಕಡೆಯ ಜನ ಇದ್ದಾರೆ, ಎಲ್ಲರನ್ನೂ ಕೂಡಿಸುವ ಹಬ್ಬವೊಂದು ಬೇಕು ಎಂಬ ಮಾತು ಬಂತು. ಅಷ್ಟರಲ್ಲಿ ದೊಡ್ಡ ಹುದ್ದೆಗೆ ಏರಿದ್ದ ಪ್ರಸಾದ್ ಗಾರು ನನ್ನ ಕಡೆ ಕೈ ತೋರಿಸಿ, “ನಮ್ಮ ಗಿರಿಜಾ ಹಿಂದೆ ಸೈಟಿನಲ್ಲಿ ಒಂದು ಹಬ್ಬ ಶುರು ಮಾಡಿದ್ದಳು, ಎಲ್ಲ ರಾಜ್ಯದವರೂ ಸೇರುತ್ತಿದ್ದರು” ಎಂದರು. ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಎಲ್ಲರೂ ನನ್ನ ಕಡೆ ನೋಡಿ ಚಪ್ಪಾಳೆ ತಟ್ಟಿದರು. ಅಲ್ಲ, ನಾನಲ್ಲ, ಶರಣಮ್ಮ ಎನ್ನಲು ಎಷ್ಟು ಹೊತ್ತು ಬೇಕು? ಕಿವಿ ಇದ್ದರೆ ಸಾಕು ಎಂದು ಕಲಿತಿದ್ದೆನಲ್ಲ, ಆ ಚಪ್ಪಾಳೆಯನ್ನೂ ಸುಮ್ಮನೆ ಕೇಳಿಸಿಕೊಂಡೆ. ಫಲಕ ಬಂದದ್ದು ಹಾಗೆ.

ನನ್ನ ನಿವೃತ್ತಿಗೆ ಮುಂಚೆ ಶರಣಮ್ಮ ನನ್ನನ್ನು ಹುಡುಕಿಕೊಂಡು ಬಂದಳು. ಸೊಂಟ ಹೋಗಿತ್ತು, ಬಾಂಡ್ಲಿ ಹೊರಲಾಗುತ್ತಿರಲಿಲ್ಲ. ಹಣಮಂತ ತೀರಿಕೊಂಡಿದ್ದ. ಫಲಕವಿರುವ ಕಟ್ಟಡದಲ್ಲೇ ಅವಳನ್ನು ಗುಡಿಸಿ ಒರೆಸುವ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿಸಿದೆ. ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಹಳೆಯದೆಲ್ಲ ಸರಿಹೋಯಿತು ಎಂದು ನನ್ನ ಮನಸ್ಸು ಹಗುರವಾಯಿತು. ಎಂಥಾ ದಡ್ಡಿ ನಾನು.

ಈ ಸಲದ ಎಳ್ಳಮಾಸಿಗೆ ಹಾರಿಕಾ ನನ್ನನ್ನು ಮುಖ್ಯ ಅತಿಥಿಯಾಗಿ ಕರೆದಿದ್ದಳು. ಮಲ್ಕಾಜ್‌ಗಿರಿಯಿಂದ ಸಿಕಂದರಾಬಾದಿಗೆ ಬಂದು ಮೆಟ್ರೋ ಹಿಡಿದು ಹೋದೆ. ಕ್ಯಾಂಪಸ್ಸಿನ ನಡುವಿನ ಅಂಗಳದಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿದ್ದರು. ಥರ್ಮೋಕೋಲಿನ ಎತ್ತಿನ ಗಾಡಿ, ಬಾಡಿಗೆಯ ಇಳಕಲ್ ಸೀರೆ ಉಟ್ಟ ಹುಡುಗಿಯರು, ಕ್ಯಾಟರಿಂಗಿನವರು ಮಾಡಿದ ಭಜ್ಜಿ. ರುಚಿ ಕೆಟ್ಟದಾಗೇನೂ ಇರಲಿಲ್ಲ. ಮಕ್ಕಳು ನಿಜವಾಗಿ ಖುಷಿಯಾಗಿದ್ದರು. ಅವರನ್ನು ನಾನು ಆಡಿಕೊಳ್ಳುವುದಿಲ್ಲ, ಆ ಹಕ್ಕು ನನಗಿಲ್ಲ. ಹಾರಿಕಾ ನನ್ನ ಒಂದು ಕೈಗೆ ಮಣ್ಣಿನ ಬೋಗುಣಿ, ಇನ್ನೊಂದು ಕೈಗೆ ಮೈಕು ಕೊಟ್ಟಳು. “ಮೇಡಂ, ಆ ಕೂಗು ಕೂಗಿ” ಎಂದಳು.

“ಹುಲ್ಲುಲ್ಲಿಗೋ” ಎಂದೆ. ಅವ್ವನ ಗಂಟಲು ನನಗೆ ಬಂದಿಲ್ಲ. ಸೋತ ದನಿ ಮೈಕಿನಲ್ಲಿ ದೊಡ್ಡದಾಗಿ ಕೇಳಿಸಿತು. ಯಾರಿಗೂ ಮರುದನಿ ಕೊಡಬೇಕೆಂದು ಗೊತ್ತಿರಲಿಲ್ಲ. ಆಗ ಹಿಂದಿನ ಕಂಬದ ಬಳಿಯಿಂದ ಬಂತು, ಗಂಟಲು ತುಂಬಿ, ಸ್ಲ್ಯಾಬಿನ ಮೇಲೆ ಕೇಳಿದ್ದ ಅದೇ ದನಿ: “ಹುಲ್ಲುಲ್ಲಿಗೋ...”

ನೀಲಿ ಯೂನಿಫಾರ್ಮಿನಲ್ಲಿ ಶರಣಮ್ಮ ನಿಂತಿದ್ದಳು. ಕೈಯಲ್ಲಿ ಪೊರಕೆ, ಮೊರದಂಥ ಪ್ಲಾಸ್ಟಿಕ್ ಡಬ್ಬಿ. ಕೂಗಿದ್ದಕ್ಕೆ ತಾನೇ ನಾಚಿಕೊಂಡು ಬಾಯಿಗೆ ಸೆರಗು ಹಿಡಿಯಲು ಹೋದಳು, ಯೂನಿಫಾರ್ಮಿಗೆ ಸೆರಗಿರಲಿಲ್ಲ. ಎಲ್ಲರೂ ಅತ್ತ ತಿರುಗಿ ನಕ್ಕರು. ನನಗೆ ತಡೆಯಲಾಗಲಿಲ್ಲ. ಮೈಕು ಹಾರಿಕಾಳ ಕೈಗಿಟ್ಟು, ಬೋಗುಣಿ ಹಿಡಿದುಕೊಂಡು ಅವಳ ಹತ್ತಿರ ಹೋದೆ.

“ಶರಣಮ್ಮಾ, ಇದು ನಿಂದು. ಮೊದಲಿಂದ್ಲೂ ನಿಂದ. ನೀ ಚೆಲ್ಲು.”

ಅವಳು ಬೋಗುಣಿಯೊಳಗೆ ಬಗ್ಗಿ ನೋಡಿದಳು. ಬಲಗೈಯನ್ನು ಯೂನಿಫಾರ್ಮಿಗೆ ಒರೆಸಿಕೊಂಡಳು. ಕೈ ಮುಂದೆ ಬಂತು. ಆಚೆ ನಿಂತಿದ್ದ ತನ್ನ ಸೂಪರ್‌ವೈಸರನ್ನು ಒಮ್ಮೆ ನೋಡಿದಳು, ಕಾಲ ಕೆಳಗಿನ ಪ್ಲಾಸ್ಟಿಕ್ ಹುಲ್ಲನ್ನು ಒಮ್ಮೆ ನೋಡಿದಳು. ಕೈ ಹಿಂದೆ ಹೋಯಿತು.

“ಬ್ಯಾಡ್ರಿ ಅಕ್ಕಾರ, ಡ್ಯೂಟಿ ಮ್ಯಾಲ ಇದ್ದೀನಿ. ನೀವ ಚೆಲ್ರಿ” ಎಂದಳು. ಆಮೇಲೆ ನನ್ನನ್ನು ಸಮಾಧಾನ ಮಾಡುವವಳಂತೆ, ನಗುನಗುತ್ತಾ, “ಗುಡಸಾಕ ನಾ ಇದ್ದೀನಲ್ರಿ.”

ಆ ಮಾತಿನಲ್ಲಿ ಚುಚ್ಚು ಇದೆಯೇ ಎಂದು ಅವಳ ಮುಖದಲ್ಲಿ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಎಲ್ಲರೂ ಕಾಯುತ್ತಿದ್ದರು. ನಾನು ಚೆಲ್ಲಿದೆ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವ ಮೊದಲೇ ಶರಣಮ್ಮ ಸೊಂಟ ಹಿಡಿದುಕೊಂಡು ಬಗ್ಗಿದ್ದಳು. ಈ ಸಲ ಗುಡಿಸು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.